ಡಾಕ್ಟರ ಮಾತು ಬರೆಯುವ ಆದೆಮ್ಮ

ರಾಯಚೂರಿನ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಆದೆಮ್ಮನಷ್ಟು ಅನುಮಾನದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಹಾಲಿನವಳು ಅಳೆದು ಹಾಕುವಾಗ ಈಕೆಯ ಕಣ್ಣು ಹಾಲಿನ ಮೇಲಲ್ಲ, ಪಾವಿನೊಳಗೆ ಇಳಿಯುವ ಅವಳ ಹೆಬ್ಬೆರಳಿನ ಮೇಲೆ. ಟಪಾಲು ಬಂದರೆ ಒಳಗಿನ ಕಾಗದಕ್ಕಿಂತ ಮೊದಲು ಲಕೋಟೆಯ ಅಂಟು ನೋಡುವಳು. ಬಸ್ಸಿನಲ್ಲಿ ಟಿಕೀಟು ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ಓದಿ, ಆಮೇಲೆ ಕಂಡಕ್ಟರನ ಮುಖವನ್ನೂ ಒಮ್ಮೆ ಓದುವಳು. 'ಅನುಮಾನಂ ಪೆದ್ದ ರೋಗಂ' ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಆಕೆ ಆ ನಗುವನ್ನೂ ನಂಬುತ್ತಿರಲಿಲ್ಲ.

ಇದು ಹುಟ್ಟಿನಿಂದ ಬಂದ ಗುಣವಲ್ಲ. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಆಕೆ ಮೂರನೆಯ ಇಯತ್ತೆ ಓದುವಾಗ ಮಾಸ್ತರರ ಪೆನ್ನು ಕಳೆಯಿತು. ನಲವತ್ತು ಮಕ್ಕಳಿದ್ದ ಸಾಲೆಯಲ್ಲಿ ತಪಾಸಣೆಯಾದದ್ದು ಬಾಗಿಲ ಹತ್ತಿರ ಬೇರೆಯಾಗಿ ಕೂಡುತ್ತಿದ್ದ ಮೂರು ಮಕ್ಕಳ ಚೀಲಗಳು ಮಾತ್ರ, ಅದರಲ್ಲಿ ಒಂದು ಈಕೆಯದು. ಪೆನ್ನು ಸಂಜೆ ಮಾಸ್ತರರ ಕೋಟಿನ ಒಳಜೇಬಿನಲ್ಲೇ ಸಿಕ್ಕಿತು. ಯಾರೂ ಏನೂ ಅನ್ನಲಿಲ್ಲ. ಜನ ತನ್ನನ್ನು ಅನುಮಾನಿಸುವ ಮೊದಲೇ ತಾನು ಜನರನ್ನು ಅನುಮಾನಿಸಿಬಿಟ್ಟರೆ ಒಳ್ಳೆಯದು ಎಂದು ಆ ಎಂಟು ವರ್ಷದ ಹುಡುಗಿ ಲೆಕ್ಕ ಹಾಕಿಕೊಂಡಳು. ತಪ್ಪು ಲೆಕ್ಕ, ಆದರೆ ಆಕೆಗೆ ಬೇರೆ ಲೆಕ್ಕ ಕಲಿಸಿದವರು ಯಾರು?

ಅಪ್ಪ ಮಾರೆಪ್ಪ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡಲು ಮನೆಮಂದಿಯನ್ನೆಲ್ಲ ರಾಯಚೂರಿಗೆ ಕರೆತಂದ. ಅರಳೆ ಹೊತ್ತು ಹೊತ್ತು ಅವನ ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ, ಸ್ಟೇಶನ್ ರಸ್ತೆಯ ವಲಿ ಪಾಷಾ ಮಾಸ್ತರರ ಟೈಪಿಂಗ್ ಕ್ಲಾಸಿಗೆ ಸೇರಿ, ಇಂಗ್ಲಿಷ್ ಸೀನಿಯರ್ ಪರೀಕ್ಷೆಯನ್ನು ಮೊದಲ ಸಲಕ್ಕೇ ದಾಟಿದಳು. ಟೈಪು ಕಲಿತವರಿಗೆ ಕೋರ್ಟು, ತಹಶೀಲ ಕಚೇರಿ, ಅಡತಿ ಅಂಗಡಿ, ಈ ಮೂರೇ ದಾರಿ ಎಂದು ಮಾಸ್ತರರು ಹೇಳುತ್ತಿದ್ದರು. ನಾಲ್ಕನೆಯ ದಾರಿಯೊಂದು ಇದೆಯೆಂದು ಅವರಿಗೂ ಗೊತ್ತಿರಲಿಲ್ಲ.

ಆ ನಾಲ್ಕನೆಯ ದಾರಿಯೇ ಎದೆರೋಗದ ಡಾಕ್ಟರ್ ಶರಭಯ್ಯನವರು. ಒಳ್ಳೆಯ ಡಾಕ್ಟರು, ಕೆಟ್ಟ ಅಕ್ಷರ. ಅವರು ಬರೆದ ಕಾಗದ ಹೈದರಾಬಾದಿನ ದೊಡ್ಡ ಡಾಕ್ಟರುಗಳಿಗೆ ತಿಳಿಯದೆ ರೋಗಿಗಳು ಹೋದ ದಾರಿಯಲ್ಲೇ ತಿರುಗಿ ಬರುತ್ತಿದ್ದರು. ಕೊನೆಗೆ ಡಾಕ್ಟರು ಒಂದು ಉಪಾಯ ಮಾಡಿದರು. ಸೋಮವಾರ ದೇವದುರ್ಗಕ್ಕೂ ಗುರುವಾರ ಮಾನ್ವಿಗೂ ಜೀಪಿನಲ್ಲಿ ಹೋಗಿ ರೋಗಿಗಳನ್ನು ನೋಡುವುದು, ಬರುವ ದಾರಿಯಲ್ಲಿ ಒಬ್ಬೊಬ್ಬರ ಹಾಲಹವಾಲನ್ನು ಇಂಗ್ಲಿಷಿನಲ್ಲಿ ಟೇಪ್ ರೆಕಾರ್ಡರಿಗೆ ಹೇಳುವುದು. ಮರುದಿನ ಆ ಕ್ಯಾಸೆಟ್ಟು ಕೇಳಿ ಟೈಪು ಮಾಡುವವರು ಬೇಕಿತ್ತು. ಎಂಬತ್ತೊಂದನೆಯ ಇಸವಿಯಲ್ಲಿ ಆದೆಮ್ಮ ಆ ಕುರ್ಚಿಯಲ್ಲಿ ಕುಳಿತಳು.

ಮನೆಯಲ್ಲಿ ಹೇಳಿದಾಗ ಮಾರೆಪ್ಪ ಊಟ ನಿಲ್ಲಿಸಿ ಕೇಳಿದ. "ಡಾಕ್ಟರು ಬಾಯಿಲೆ ಅಂದದ್ದನ್ನ ನೀ ಮಿಶನ್ನಿನಾಗ ಬರೀಬೇಕು. ಅದಕ್ಕ ಪಗಾರ. ಇದು ಎಂಥಾ ನೌಕರಿ ಬೇ?"

"ವಿಲಾಯತಿಯಾಗ ಇದಕ್ಕಂತ ಬ್ಯಾರೆ ಮಂದೀನೇ ಇರ್ತಾರಂತಪ್ಪ. ಮುಂದ ಇಲ್ಲಿನೂ ದೊಡ್ಡ ದೊಡ್ಡ ದವಾಖಾನಿಗೆ ಬೇಕಾಗ್ತಾರಂತ, ಡಾಕ್ಟರೇ ಅಂದ್ರು."

"ಹಂಗಂತ ಅವರು ಅಂದ್ರು. ನೀ ನಂಬಿದಿ?"

"ಇಲ್ಲ," ಎಂದಳು ಆದೆಮ್ಮ. "ನೋಡೂಣಂತ."

ನೋಡುತ್ತ ನೋಡುತ್ತ ಮೂರು ವರ್ಷವಾಯಿತು. ಜೀಪಿನ ಗಡಗಡದ ನಡುವೆ ಡಾಕ್ಟರ ನುಂಗಿದ ಮಾತುಗಳನ್ನು ಹೆಕ್ಕಿ ತೆಗೆಯುವುದು ಆಕೆಗೆ ಕರಗತವಾಯಿತು. ತಿಳಿಯದ ಶಬ್ದ ಬಂದರೆ ಊಹೆ ಮಾಡುತ್ತಿರಲಿಲ್ಲ. ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ನಾಲ್ಕು ಸಲ ಕೇಳುವಳು, ದಪ್ಪ ಡಿಕ್ಷನರಿಯಲ್ಲಿ ಹುಡುಕುವಳು, ಆಗಲೂ ಅನುಮಾನ ಉಳಿದರೆ ಡಾಕ್ಟರನ್ನೇ ಕೇಳುವಳು. ಬೇರೆ ಕಡೆ ಶಾಪವಾಗಿದ್ದ ಆಕೆಯ ಗುಣ ಈ ಕೆಲಸಕ್ಕೆ ವರವಾಗಿತ್ತು. ಆಕೆ ಟೈಪು ಮಾಡಿದ ಕಾಗದದಲ್ಲಿ ಗುಳಿಗೆಯ ಪ್ರಮಾಣ ಒಮ್ಮೆಯೂ ತಪ್ಪಲಿಲ್ಲ.

ಗುಟ್ಟಿನ ವಿಷಯದಲ್ಲಂತೂ ಕೇಳಬೇಡಿ. ಕ್ಷಯ ಎಂಬ ಮಾತು ಹೊರಗೆ ಬಿದ್ದರೆ ಮನೆಗೆ ನೀರು ಕುಡಿಯಲೂ ಯಾರೂ ಬಾರದ ಕಾಲ. ಟೈಪು ಮುಗಿದ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡು ಮಾಡಿ ಹಳೆಯದನ್ನು ಅಳಿಸಬೇಕು, ಮೂಲ ಪ್ರತಿ ಲಕೋಟೆಯಲ್ಲಿ, ಎರಡನೆಯ ಪ್ರತಿ ಕಬ್ಬಿಣದ ಅಲಮಾರಿನಲ್ಲಿ, ಬೀಗದ ಕೈ ಆದೆಮ್ಮನ ಸೊಂಟದಲ್ಲಿ. ಕಸ ಹೊಡೆಯುವವಳು ಬಂದರೂ ಮಿಶನ್ನಿನ ಮೇಲೆ ಟವೆಲು ಹೊದಿಸಿ ಕೂಡುತ್ತಿದ್ದಳು. ಎರಡನೆಯ ಪ್ರತಿ ಮಸುಕಾದರೆ ಡಾಕ್ಟರಿಗೆ ಸಿಟ್ಟು, ಹಾಗಾಗಿ ಒಂದು ಕಾರ್ಬನ್ ಹಾಳೆಯನ್ನು ಒಂದು ಕಾಗದಕ್ಕಿಂತ ಹೆಚ್ಚು ಬಳಸುವಂತಿರಲಿಲ್ಲ. ಹಮಾಲನ ಮಗಳಿಗೆ ಇನ್ನೂ ಮಿರಿಮಿರಿ ಹೊಳೆಯುವ ಹಾಳೆಯನ್ನು ಬುಟ್ಟಿಗೆ ಎಸೆಯುವುದೆಂದರೆ ಅನ್ನ ಚೆಲ್ಲಿದಂತೆ. ಓಣಿಯಲ್ಲಿ ಹೊಲಿಗೆ ಕ್ಲಾಸು ನಡೆಸುವ ಬಸವಂತಮ್ಮನಿಗೆ ಒಯ್ದು ಕೊಡುತ್ತಿದ್ದಳು. ದಿಂಬಿನ ಚೀಲದ ಮೇಲೆ, ಟೇಬಲ್ ಕ್ಲಾತಿನ ಮೇಲೆ ನವಿಲು, ಗಿಳಿ, ಬಳ್ಳಿ ಇಳಿಸಲು ಕಾರ್ಬನ್ ಬೇಕೇ ಬೇಕು. ಊರಿನ ಹೆಣ್ಣುಮಕ್ಕಳೆಲ್ಲ ಹಾಗೇ ಮಾಡುತ್ತಿದ್ದರು.

ಎಂಬತ್ತನಾಲ್ಕರ ಬೇಸಿಗೆಯ ಒಂದು ಮುಂಜಾನೆ ದೇವದುರ್ಗದ ಅಯ್ಯಣ್ಣ ಮಾಸ್ತರರು ದವಾಖಾನೆಗೆ ಬಂದರು. ಅವರ ಮಗಳು ವೆಂಕಮ್ಮ ಒಂದೂವರೆ ವರ್ಷ ಸೂಜಿ ಗುಳಿಗೆ ತೆಗೆದುಕೊಂಡು ಪೂರ್ತಿ ಗುಣವಾಗಿದ್ದಳು. ರಾಯಚೂರಿನ ಹುಡುಗನೊಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಮಾಸ್ತರರು ಚೀಟಿಗಾಗಿ ಕಾದು ಕೂಡಲಿಲ್ಲ, ನೇರವಾಗಿ ಒಳಗೆ ಬಂದು ನಿಂತರು. ಆದೆಮ್ಮ ಮೂಲೆಯಲ್ಲಿ ಟೈಪು ಮಾಡುತ್ತಿದ್ದಳು.

"ಮದುವಿ ಮುರೀತ್ರಿ," ಎಂದರು ಅವರು. ದನಿ ಏರಿರಲಿಲ್ಲ. "ಹುಡುಗನ ಕಡಿಯವರು ಹೇಳಿಕಳಿಸಿದ್ರು. ಹುಡುಗಿಗೆ ಎಡಗಡೆ ಪುಪ್ಪಸದ ಮ್ಯಾಲಿನ ಭಾಗದಾಗ ಹಳೇ ಕಲೆ ಅದ, ಹದಿನೆಂಟು ತಿಂಗಳು ಔಷಧ ನಡದದ ಅಂತ. ಇಷ್ಟು ಬರೋಬ್ಬರಿ ನನಗೂ ಗೊತ್ತಿರಲಿಲ್ರಿ ಡಾಕ್ಟರ. ನಿಮಗೊಬ್ಬರಿಗೇ ಗೊತ್ತಿತ್ತು."

ಡಾಕ್ಟರು ಎದ್ದು ನಿಂತು ಏನೋ ಹೇಳಹೋದರು. ಮಾಸ್ತರರು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಮುಂದಿನ ಸೋಮವಾರ ದೇವದುರ್ಗದಲ್ಲಿ ಡಾಕ್ಟರಿಗಾಗಿ ಕಾದಿದ್ದ ರೋಗಿಗಳು ನಾಲ್ಕೇ ಜನ. ಅದರ ಮುಂದಿನ ವಾರ ಇಬ್ಬರು.

ಮಾಸ್ತರರು ಬಂದುಹೋದ ದಿನದ ಸಂಜೆಯೇ ಡಾಕ್ಟರು ಬಾಗಿಲು ಮುಚ್ಚಿ ಆದೆಮ್ಮನನ್ನು ಎದುರಿಗೆ ಕೂಡಿಸಿಕೊಂಡರು. "ಆ ಹುಡುಗಿ ಕಾಗದ ನಾ ಹೇಳಿದೆ, ನೀ ಬರದಿ. ನಾ ಯಾರ ಮುಂದೂ ಅಂದಿಲ್ಲ. ನೀ ಅಂದೀ ಏನು?"

"ಇಲ್ರಿ ಸಾಹೇಬ್ರ."

"ಹಂಗಾರ ಗೋಡಿ ಹೇಳಿತೇನು?"

ಡಾಕ್ಟರ ಕಣ್ಣು ತನ್ನ ಮೇಲೇ ಊರಿದ್ದನ್ನು ಆಕೆ ಕಂಡಳು. ಆ ನೋಟ ಆಕೆಗೆ ಹೊಸದಲ್ಲ. ಶಕ್ತಿನಗರದಲ್ಲಿ ವಿದ್ಯುತ್ತಿನ ಕಾರಖಾನೆ ಏಳುತ್ತಿತ್ತು, ಅಲ್ಲಿನ ಕಾಲೊನಿಗೆ ಬರಲಿರುವ ದವಾಖಾನೆಯಲ್ಲಿ ಡಾಕ್ಟರ ಮಾತು ಬರೆಯುವವರ ಜಾಗವಿದೆಯೆಂದು ಆಕೆ ಅರ್ಜಿ ಹಾಕಿದ್ದಳು. ಕಾಯಂ ನೌಕರಿ, ಕ್ವಾರ್ಟರ್ಸು, ಅಪ್ಪನ ಎದೆಗೆ ಪುಕ್ಕಟೆ ಔಷಧ. ಶರಭಯ್ಯನವರ ಒಂದು ಸರ್ಟಿಫಿಕೇಟು ಸಿಕ್ಕರೆ ಎಲ್ಲವೂ ಕೈಗೆ ಬಂದಂತೆ, ಅವರ ಅನುಮಾನ ಅಂಟಿದರೆ ಎಲ್ಲವೂ ಹೋದಂತೆ. ಆಗ ಆಕೆಯ ಬಾಯಿಂದ ಬಂದದ್ದು ಡ್ರೈವರ್ ಮೌಲಾಹುಸೇನನ ಹೆಸರು.

"ನೀವು ಜೀಪಿನಾಗ ಮಾತಾಡ್ತೀರಲ್ರಿ. ಮೌಲಾ ಕಾಕಾಗ ಇಂಗ್ಲಿಷ್ ತಿಳೀತದ್ರಿ. ಹಟ್ಟಿ ಗಣಿ ಸಾಹೇಬರ ಗಾಡಿ ಹೊಡದಾರ. ಒಮ್ಮೆ ಇಂಗ್ಲಿಷ್ ಪೇಪರ್ ಹಿಡಕೊಂಡು ಕುಂತದ್ದು ನಾನೇ ನೋಡೀನಿ."

ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಅದೇ ಕೆಟ್ಟದ್ದು. ಮೌಲಾಹುಸೇನ ಪೇಪರು ಹಿಡಿದಿದ್ದು ನಿಜ. ಅದರಿಂದ ಗಾಜು ಒರೆಸಲು ಕುಳಿತಿದ್ದನೋ, ಓದಲು ಕುಳಿತಿದ್ದನೋ ಆಕೆ ನಿಂತು ನೋಡಿರಲಿಲ್ಲ. ಅನುಮಾನಕ್ಕೆ ಅಷ್ಟು ನೋಡುವ ಪುರಸೊತ್ತು ಎಲ್ಲಿ? ಹೇಳುತ್ತ ಹೇಳುತ್ತ ಆಕೆಗೇ ಅದು ನಿಜವೆನಿಸಿತು. ಅವನು ಸಂತೆಯಲ್ಲಿ ಎಲ್ಲರ ಜೊತೆ ನಗುವುದು, ಚಹಾದಂಗಡಿಯಲ್ಲಿ ತಾಸುಗಟ್ಟಲೆ ಕೂಡುವುದು, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡವು.

ಮರುದಿನ ಡಾಕ್ಟರು ಅವನಿಗೆ ನಾಳೆಯಿಂದ ಬರಬೇಡ ಎಂದರು. ಹನ್ನೊಂದು ವರ್ಷ ಜೀಪು ಹೊಡೆದವನು ಯಾಕೆಂದು ಕೇಳಿದ. ಡಾಕ್ಟರು ಹೇಳಿದರು. ಅವನು ಕೀಲಿಕೈ ಮೇಜಿನ ಮೇಲಿಟ್ಟ. ಹೋಗುವಾಗ ಮೂಲೆಯ ಮಿಶನ್ನಿನ ಕಡೆ ಒಮ್ಮೆ ನೋಡಿದ. ಆದೆಮ್ಮ ತಲೆ ಎತ್ತದೆ ಟೈಪು ಮಾಡುತ್ತಲೇ ಇದ್ದಳು. ಕಳ್ಳನಾಗಿರದಿದ್ದರೆ ಇಷ್ಟು ಸುಮ್ಮನೆ ಹೋಗುತ್ತಿದ್ದನೇ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅವನು ಜಗಳ ಮಾಡಿದ್ದರೆ, ಕಳ್ಳನಲ್ಲದಿದ್ದರೆ ಇಷ್ಟೇಕೆ ಕೂಗುತ್ತಿದ್ದ ಎಂದುಕೊಳ್ಳುತ್ತಿದ್ದಳು.

ಹದಿನೈದು ದಿನದಲ್ಲಿ ಸರ್ಟಿಫಿಕೇಟು ಬಂತು. ಡಾಕ್ಟರು ಹೇಳಿದರು, ಆದೆಮ್ಮನೇ ಟೈಪು ಮಾಡಿದಳು. ಕೆಲಸದಲ್ಲಿ ಚೊಕ್ಕ, ನಡತೆಯಲ್ಲಿ ಶುದ್ಧ, ರೋಗಿಗಳ ಗುಟ್ಟು ಕಾಯುವುದರಲ್ಲಿ ಪೂರ್ತಿ ನಂಬಿಕಸ್ಥಳು ಎಂದು ತನ್ನ ಬಗ್ಗೆ ತಾನೇ ಬಡಿದು, ಡಾಕ್ಟರ ಸಹಿ ಹಾಕಿಸಿಕೊಂಡಳು. ಮುಂದಿನ ಸೋಮವಾರ ಇಂಟರ್‌ವ್ಯೂ.

ಇಂಟರ್‌ವ್ಯೂಗೆ ಹೊಸ ಕುಪ್ಪಸ ಬೇಕಲ್ಲ. ಬುಧವಾರ ಮಧ್ಯಾಹ್ನ ಅಳತೆ ಕೊಡಲು ಬಸವಂತಮ್ಮನ ಮನೆಗೆ ಹೋದಳು. ಪಡಸಾಲೆಯಲ್ಲಿ ಐದಾರು ಹುಡುಗಿಯರು ಬಟ್ಟೆ ಹರಡಿಕೊಂಡು ಕುಳಿತಿದ್ದರು. ಅವರಲ್ಲಿ ಕನಕಮ್ಮ ಎಂಬವಳು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಇಂಗ್ಲಿಷಿನಲ್ಲಿ ನಪಾಸಾದವಳು. ಅವಳು ಕಿಟಕಿಯ ಬಿಸಿಲಿಗೆ ಒಂದು ಕಾರ್ಬನ್ ಹಾಳೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಮಿಶನ್ನಿನ ಅಕ್ಷರ ಬಿದ್ದಲ್ಲೆಲ್ಲ ಕಪ್ಪು ಎದ್ದುಹೋಗಿ, ಬೆಳಕಿನಲ್ಲಿ ಸಾಲಿಗೆ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಉಳಿದವರು ಸುತ್ತ ಕುಳಿತು ತಪ್ಪು ತಿದ್ದುತ್ತ ನಗುತ್ತಿದ್ದರು.

"ಏನ್ ಮಾಡಾಕತ್ತೀರಿ?" ಆದೆಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಇಂಗ್ಲಿಷ್ ಓದಾಕತ್ತೀವಿ ಅಕ್ಕಾ," ಎಂದಳು ಬಸವಂತಮ್ಮ, ಹೆಮ್ಮೆಯಿಂದಲೇ. "ಹೂ ಇಳಿಸೋಕಿಂತ ಮೊದಲ ನೀ ಕೊಟ್ಟ ಹಾಳಿ ಒಂದೊಂದು ಓದಬೇಕು ಅಂತ ಹುಡುಗ್ಯಾರಿಗೆ ಹೇಳೀನಿ. ಪರೀಕ್ಷಾಕ್ಕ ಅನುಕೂಲ ಆಗ್ತದ."

"ಇದರಾಗ ಮಂದಿ ಹೆಸರೂ ಇರ್ತಾವ್ರಿ ಅಕ್ಕಾರ," ಎಂದಳು ಕನಕಮ್ಮ. "ನಮ್ಮ ಕಾಕಾನ ಮಗಗ ದೇವದುರ್ಗದ ಹುಡುಗೀನ ನೋಡಿದ್ವಿ. ಆಕಿ ಹೆಸರು, ಆಕಿ ಅಪ್ಪನ ಹೆಸರು, ಊರು, ರೋಗ ಎಲ್ಲಾ ಇದರಾಗೇ ಸಿಕ್ತು ನೋಡ್ರಿ. ಡಿಕ್ಷನರಿ ಹಚ್ಚಿ ಓದಿದೆ. ನಮ್ಮವರು ಬಚಾವಾದ್ರು."

ಹುಡುಗಿಯ ಮುಖದಲ್ಲಿ ಕೇಡಿನ ಸುಳಿವೂ ಇರಲಿಲ್ಲ. ಲೋಕವನ್ನೆಲ್ಲ ಶೋಧಿಸಿ ನೋಡುತ್ತಿದ್ದ ಆದೆಮ್ಮ ತನ್ನ ಚೀಲವನ್ನು ಮಾತ್ರ ಎಂದೂ ಶೋಧಿಸಿರಲಿಲ್ಲ. ಹಾಳೆಯ ಕಪ್ಪು ಆಕೆಗೆ ಬರೀ ಕಪ್ಪಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಇದ್ದಬದ್ದ ಕಾರ್ಬನ್ನುಗಳನ್ನೆಲ್ಲ ಬಾಚಿಕೊಂಡು ಮನೆಗೆ ಬಂದು ಒಲೆಗೆ ಹಾಕಿದಳು. ಅಪ್ಪ ಕೆಮ್ಮುತ್ತ ಯಾಕೆ ಬೇ ಎಂದರೆ, ಹಳೇವು ಎಂದಳು.

ಯಾರಿಗೂ ಗೊತ್ತಿಲ್ಲ. ಹುಡುಗಿಯರಿಗೆ ಆ ಹಾಳೆಯಿಂದ ಒಬ್ಬನ ಕೆಲಸ ಹೋದದ್ದು ಗೊತ್ತಿಲ್ಲ, ಡಾಕ್ಟರು ಕಳ್ಳ ಸಿಕ್ಕನೆಂದು ನಿಶ್ಚಿಂತರಾಗಿದ್ದಾರೆ. ಇನ್ನು ಬಾಯಿ ಮುಚ್ಚಿಕೊಂಡು ಸೋಮವಾರ ಶಕ್ತಿನಗರಕ್ಕೆ ಹೋದರೆ ಮುಗಿಯಿತು. ಗುರುವಾರ ಪೂರ್ತಿ ಆಕೆ ಇದನ್ನೇ ತನಗೆ ತಾನು ಹೇಳಿಕೊಂಡಳು. ಮೌಲಾಹುಸೇನ ಮಾನ್ವಿಯಲ್ಲಿ ಹೆಂಡತಿಯ ತವರಿನಲ್ಲಿದ್ದಾನಂತೆ, ಹೇಗಿದ್ದರೂ ಗಂಡಸು, ಎಲ್ಲಾದರೂ ಗಾಡಿ ಹೊಡೆದುಕೊಂಡು ಬದುಕುತ್ತಾನೆ ಎಂದೂ ಹೇಳಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಎದುರು ಬಂದವರೆಲ್ಲ ತನ್ನ ಚೀಲವನ್ನೇ ನೋಡುತ್ತಾರೆ ಅನ್ನಿಸಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದಳು.

ಶುಕ್ರವಾರ ಡಾಕ್ಟರು ಕೊಟ್ಟ ಕ್ಯಾಸೆಟ್ಟು ಚಿಕ್ಕದಾಗಿತ್ತು. ರೋಗಿಗಳು ಕಡಿಮೆಯಾದ ಮೇಲೆ ಮಾತೂ ಕಡಿಮೆ. ಅವರ ಮಾತು ಮುಗಿದ ನಂತರವೂ ಟೇಪು ಓಡುತ್ತಿತ್ತು. ಅಳಿಸದೆ ಉಳಿದಿದ್ದ ಯಾವುದೋ ಹಳೆಯ ಸೋಮವಾರ ಅದರ ತುದಿಯಲ್ಲಿ ಕೇಳಿಸಿತು. ಜೀಪಿನ ಸದ್ದು, ಡಾಕ್ಟರ ಕೆಮ್ಮು, ಆಮೇಲೆ ಮೌಲಾಹುಸೇನನ ದನಿ.

"ಸಾಬ್, ಗಾಡಿ ಇಲ್ಲೇ ಗಿಡದ ಕೆಳಗ ನಿಲ್ಲಸ್ತೀನ್ರಿ. ನೀವು ಮಾತಾಡಿ ಮುಗಸ್ರಿ, ನಾ ಕೆಳಗ ಇಳದು ಬೀಡಿ ಸೇದ್ತೀನಿ. ಹೆಣ್ಣುಮಕ್ಕಳ ರೋಗದ ಮಾತು, ನನ್ನ ಕಿವಿಗ್ಯಾಕ."

ಇಂಜಿನ್ನಿನ ಸದ್ದು ಅಡಗಿ, ಬಾಗಿಲು ತೆರೆದು ಮುಚ್ಚಿತು. ನಿಶ್ಶಬ್ದದಲ್ಲಿ ಡಾಕ್ಟರು ವೆಂಕಮ್ಮನ ಹೆಸರು ಹೇಳಿದರು. ಮೊದಲು ಟೈಪು ಮಾಡುವಾಗ ಡ್ರೈವರನ ಮಾತು ರೋಗಿಯದಲ್ಲವೆಂದು ಆಕೆ ದಾಟಿಸಿಬಿಟ್ಟಿದ್ದಳು.

ಆದೆಮ್ಮ ರೆಕಾರ್ಡರನ್ನು ಹಾಗೇ ಎತ್ತಿಕೊಂಡು ಡಾಕ್ಟರ ಮೇಜಿನ ಮೇಲಿಟ್ಟು ಹಚ್ಚಿದಳು. ಅದು ಮುಗಿದ ಮೇಲೆ ಕಾರ್ಬನ್ ಹಾಳೆಯ ಕತೆಯನ್ನು ಬಸವಂತಮ್ಮನ ಪಡಸಾಲೆಯವರೆಗೆ ಹೇಳಿದಳು. ಚೀಲದಿಂದ ಸರ್ಟಿಫಿಕೇಟು ತೆಗೆದು ಅವರ ಮುಂದೆ ಸರಿಸಿದಳು.

"ಅವ ಹಂಗ ಇಳೀತಿದ್ದ," ಎಂದರು ಡಾಕ್ಟರು. "ಬೀಡಿ ಸೇದಾಕ ನೆವ ಹೇಳ್ತಾನ ಅಂತ ತಿಳಕೊಂಡಿದ್ದೆ." ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಡ್ರಾವರಿನೊಳಗಿಟ್ಟರು. "ಇದನ್ನ ಈಗ ಕೊಟ್ರ ನಾ ಸುಳ್ಳ ಸಹಿ ಮಾಡಿದಂಗಾಗ್ತದ. ಇಲ್ಲಿ ಕೆಲಸ ಬಿಡು ಅನ್ನೂದಿಲ್ಲ. ಆದ್ರ ದಿನಾ ಸಂಜಿಗೆ ಕಾರ್ಬನ್ ಎಲ್ಲಾ ನನ್ನ ಕಣ್ಣ ಮುಂದ ಸುಡಬೇಕು."

"ಆಗ್ಲಿರಿ."

"ಅವನ್ನ ನೀನೇ ಹೋಗಿ ಕರಕೊಂಡು ಬಾ. ನನಗ ಮುಖ ಇಲ್ಲ."

ಸೋಮವಾರ, ಶಕ್ತಿನಗರಕ್ಕೆ ಹೋಗಬೇಕಾಗಿದ್ದ ದಿನ, ಆದೆಮ್ಮ ಮಾನ್ವಿಯ ಬಸ್ಸು ಹತ್ತಿದಳು. ಕೇಳಿಕೊಂಡು ಹೋದಾಗ ಮೌಲಾಹುಸೇನ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ಮೇಲೆ ಬಂದು, ಕೈಯ ಎಣ್ಣೆ ಒರೆಸಿಕೊಂಡು, ಪಕ್ಕದಲ್ಲೇ ಇದ್ದ ಮನೆಗೆ ಕರೆದೊಯ್ದು ಕೂಡಲು ಹೇಳಿದ. ಅವನ ಹೆಂಡತಿ ಬಡೇಬೀ ಒಳಗಿನಿಂದಲೇ ನೋಡಿದಳು, ಮಾತಾಡಿಸಲಿಲ್ಲ. ಆದೆಮ್ಮ ನಿಂತುಕೊಂಡೇ ಎಲ್ಲ ಹೇಳಿದಳು. ಡಾಕ್ಟರು ಕರೆದಿದ್ದಾರೆ ಎಂದೂ ಹೇಳಿದಳು.

"ಸಾಬ್ರಿಗೆ ಸಲಾಂ ಹೇಳು. ಬರೂದಿಲ್ಲವ್ವ," ಎಂದ ಅವನು. "ಇನ್ನ ಆ ಗಾಡಿಯಾಗ ಅವರಿಗೂ ಸಸೂತ್ರ ಇರೂದಿಲ್ಲ, ನನಗೂ ಇರೂದಿಲ್ಲ. ಇಲ್ಲಿ ಹೊಟ್ಟಿಗೆ ನಡೀತದ."

"ತಪ್ಪು ನಂದದ ಕಾಕಾ. ನಾನೇ ನಿಮ್ಮ ಹೆಸರು ಹೇಳಿದ್ದು."

"ಗೊತ್ತದ. ಹಾಳಿ ವಿಷಯನೂ ಗೊತ್ತಿತ್ತು."

ಆದೆಮ್ಮ ತಿಳಿಯದೆ ಅವನ ಮುಖ ನೋಡಿದಳು.

"ನಮ್ಮ ಬಡೇಬೀನೂ ಕಾರ್ಬನ್ ಇಟ್ಟು ಹೂ ತೆಗೀತಾಳ. ಬಿಸಿಲಿಗೆ ಹಿಡದ್ರ ಅಕ್ಷರ ಕಾಣ್ತಾವ, ಮನ್ಯಾಗ ನೋಡೀನಿ. ನೀ ದಿನಾ ಚೀಲದಾಗ ಹಾಕ್ಕೊಂಡು ಒಯ್ತಿದ್ದಿ, ಅದೂ ನೋಡೀನಿ. ಸಾಬ್ರು ನನ್ನ ಕರದು ಹಿಂಗಾತು ಅಂದಾಗ ಮೊದಲ ನೆನಪಾದದ್ದು ಆ ಹಾಳಿನೇ."

"ಮತ್ತ ಯಾಕ ಹೇಳಲಿಲ್ರಿ?" ಎಂದಳು ಆಕೆ. "ಒಂದು ಮಾತು ಅಂದಿದ್ರ ನಿಮ್ಮ ಕೆಲಸ ಉಳೀತಿತ್ತು."

"ನಿಂದು ಹೋಗ್ತಿತ್ತು. ಖರೇ ಗೊತ್ತಿದ್ರ ಅಂತಿದ್ದೆ ಏನೋ. ಅದು ಬರೇ ಅನುಮಾನ. ಅನುಮಾನದ ಮ್ಯಾಲ ಒಂದು ಹೆಣ್ಣುಮಗಳ ಅನ್ನ ಹೆಂಗ ಕಳೀಲವ್ವ?"

ಅವನು ಅದನ್ನು ಚುಚ್ಚಲು ಹೇಳಿರಲಿಲ್ಲ, ಕೇಳಿದ್ದಕ್ಕೆ ಹೇಳಿದ. ಚುಚ್ಚಲು ಹೇಳಿದ್ದರೆ ಆದೆಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಬಡೇಬೀ ಒಳಗಿನಿಂದ ಬಂದು ಚಹಾದ ಕಪ್ಪು ಆಕೆಯ ಮುಂದಿಟ್ಟು, ಕುಡಿ ಎಂಬಂತೆ ಕೈ ಮಾಡಿದಳು. ಆದೆಮ್ಮನಿಗೆ ತಲೆ ಎತ್ತಿ ಅವರಿಬ್ಬರ ಮುಖ ನೋಡಲು ಆಗಲಿಲ್ಲ. ಕಪ್ಪು ಹಿಡಿದುಕೊಂಡು ಅಳುತ್ತ ಕುಳಿತಳು, ಮೌಲಾಹುಸೇನ ಎದ್ದು ಟ್ರ್ಯಾಕ್ಟರಿನ ಕಡೆ ಹೋದ.